ಅಣ್ಣನ ಹೆಸರಿನ ನಕ್ಷೆಗಳು

ನಮ್ಮಣ್ಣನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನುಂಗಿಕೊಂಡು ಕಳೆದ ವರ್ಷಗಳು ಸಾಕು. ಕಡೂರು, ತರೀಕೆರೆ ಸೀಮೆಯ ಕೆರೆಗಳ ನಕ್ಷೆ ಎಂದರೆ ಅವನ ಕೈಯದೇ ಆಗಬೇಕು ಎಂದು ಕಚೇರಿಯವರು ಈಗಲೂ ಹೊಗಳುತ್ತಾರಂತೆ. ಆ ಕೈ ನನ್ನದು.

ನಾವು ಅಜ್ಜಂಪುರದವರು. ದೊಡ್ಡಪ್ಪಂದಿರೆಲ್ಲ ಹತ್ತಿ ವ್ಯಾಪಾರ ಮಾಡಿಕೊಂಡಿದ್ದರು. ಅಪ್ಪಯ್ಯ ಒಬ್ಬರೇ ಸರ್ಕಾರದ ಕೆರೆಕಟ್ಟೆಗಳ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದವರು. ಅಲ್ಲಿ ಮುಗಿಯದ್ದನ್ನು ಮನೆಗೆ ತರುತ್ತಿದ್ದರು. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಬೀದಿಯ ಗಾಳಿಯಲ್ಲೆಲ್ಲ ಎಳೆ ಹಾರುತ್ತಿತ್ತು. ಹಸಿ ಮಸಿಯ ಮೇಲೆ ಒಂದು ಎಳೆ ಕೂತರೂ ಗೆರೆಗೆ ಜರಿಹುಳದ ಹಾಗೆ ಕಾಲು ಮೂಡುತ್ತಿತ್ತು. ಅದಕ್ಕೆ ಅಪ್ಪಯ್ಯ ಕಿಟಕಿ ಮುಚ್ಚಿಸಿ, ಹೆಂಚಿನ ನಡುವೆ ಕೂರಿಸಿದ್ದ ಗಾಜಿನ ಬೆಳಕಿನ ಕೆಳಗೆ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಬೆಳಗಿನ ಪೂಜೆ ಮುಗಿದ ಮೇಲೆ ಒಂದು ಗಂಟೆ ಅಣ್ಣನಿಗೆ ಪಾಠ. ಅವನಿಗೆ ಹನ್ನೊಂದು, ನನಗೆ ಎಂಟು. ನನ್ನ ಕೆಲಸ ಬಟ್ಟಲಲ್ಲಿ ಮಸಿ ತೇಯುವುದು.

ನಕ್ಷೆ ಬರೆಯುವ ಪೆನ್ನಿಗೆ ಎರಡು ನಾಲಿಗೆ. ಅವುಗಳ ನಡುವೆ ಮಸಿಯ ಹನಿ ನಿಲ್ಲಬೇಕು. ಪಕ್ಕದ ತಿರುಪು ಬಿಗಿ ಮಾಡಿದರೆ ಗೆರೆ ಸಣ್ಣ, ಸಡಿಲಿಸಿದರೆ ದಪ್ಪ. ಕೈ ಒತ್ತಿದರೆ ಮಸಿ ಒಮ್ಮೆಲೇ ಇಳಿದು ಮಡು ನಿಲ್ಲುತ್ತದೆ. ಅಣ್ಣ ಒತ್ತುತ್ತಿದ್ದ. ಒಂದು ದಿನ ಮೂರನೇ ಸಲ ಮಡು ನಿಂತಾಗ ಅಪ್ಪಯ್ಯ ಪೆನ್ನು ಕಿತ್ತುಕೊಂಡು ನನ್ನ ಕಡೆ ಚಾಚಿದರು.

"ಎಳಿಯೇ ನೀನು."

ನಾನು ಎಳೆದೆ. ಹಾಳೆಯ ಈ ತುದಿಯಿಂದ ಆ ತುದಿಯವರೆಗೆ, ಉಸಿರು ಬಿಡದೆ. ಅಪ್ಪಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಣ್ಣನ ಕೆನ್ನೆಗೆ ಬಿಟ್ಟರು.

"ನೋಡೋ, ಹೆಣ್ಣುಮಗು ಎಳೆದ್ಲು! ನಿಂಗೇನೋ ಬಂದಿರೋದು ರೋಗ?"

ನನಗೆ ಒಂದು ಮಾತೂ ಹೇಳಲಿಲ್ಲ. ನನ್ನ ಗೆರೆ ಅವರಿಗೆ ಮಗನನ್ನು ಹೊಡೆಯಲು ಸಿಕ್ಕ ಕೋಲಾಯಿತು. ಅಂದಿನಿಂದ ಪಾಠಕ್ಕೆ ನನ್ನನ್ನೂ ಕೂರಿಸಿಕೊಂಡರು, ಅಣ್ಣನಿಗೆ ರೋಷ ಬರಲಿ ಎಂದು. ರೋಷ ಬಂತು; ವಿದ್ಯೆ ಬರಲಿಲ್ಲ. ನನಗೆ ಬಂತು. ಸೊಟ್ಟ ಹೊಲವನ್ನು ಮುಕ್ಕೋಣಗಳಾಗಿ ಒಡೆದು ಲೆಕ್ಕ ಹಾಕುವುದು, ಹೊಲ ಅಳೆಯುವ ಸರಪಳಿಯ ಅಳತೆಯನ್ನು ಕಾಗದದ ಅಳತೆಗೆ ಇಳಿಸುವುದು, ನೆಲದ ಏರಿಳಿತವನ್ನು ಅಂಕಿಯಲ್ಲಿ ಓದುವುದು, ಎಲ್ಲ ಕಲಿತೆ. ಅವ್ವ ಒಳಗಿನಿಂದ ಗೊಣಗುತ್ತಿದ್ದಳು: "ನಾಳೆ ಕೊಟ್ಟ ಮನೇಲಿ ಗೆರೆ ಬೇಯ್ಸಿ ಹಾಕ್ತಾಳಾ ಇವ್ಳು?"

ನನಗೆ ಹದಿನಾಲ್ಕು ತುಂಬಿದ ವರ್ಷ ಒಂದೇ ತಿಂಗಳಲ್ಲಿ ಇಬ್ಬರನ್ನೂ ಮನೆಯಿಂದ ಕಳಿಸಿದರು. ಅಣ್ಣ ಓವರ್‌ಸಿಯರ್ ಪರೀಕ್ಷೆಗೆ ಓದಲು ಬೆಂಗಳೂರಿಗೆ. ನಾನು ಸಖರಾಯಪಟ್ಟಣಕ್ಕೆ, ಗಂಡನ ಮನೆಗೆ. ಅವನ ಪೆಟ್ಟಿಗೆಯಲ್ಲಿ ಅಪ್ಪಯ್ಯನ ಪೆನ್ನುಗಳು. ನನ್ನದರಲ್ಲಿ ಆರು ಸೀರೆ. ರೈಲು ನಿಲ್ದಾಣದಲ್ಲಿ ಅಪ್ಪಯ್ಯ ಕಣ್ಣೊರೆಸಿಕೊಂಡದ್ದು ಮಗನಿಗಾಗಿ.

ಗಂಡನ ಮನೆಯವರಿಗೆ ಒಳ್ಳೆಯ ತೆಂಗಿನ ತೋಟವಿತ್ತು. ಹೋದ ಎರಡನೇ ವರ್ಷ ಮಾವನಿಗೂ ಅವರ ದಾಯಾದಿಗೂ ತೋಟದ ಒಂದು ಮೂಲೆಯ ವಿಷಯಕ್ಕೆ ಜಗಳ ಹತ್ತಿತು. ಬಾಳೆಲೆ ಹರಿದ ಹಾಗೆ ಸೊಟ್ಟಗಿದ್ದ ತುಂಡು ಅದು. ಹಿರಿಯರು ಹೆಜ್ಜೆ ಹಾಕಿ ಅಳೆದರೆ ಒಬ್ಬೊಬ್ಬರ ಹೆಜ್ಜೆಗೆ ಒಂದೊಂದು ಲೆಕ್ಕ. ನಾನು ಗಂಡನಿಗೆ ಹೇಳಿಕೊಟ್ಟೆ: ಮೂರು ಮುಕ್ಕೋಣ ಮಾಡಿ, ಹಗ್ಗ ಹಿಡಿಸಿ, ಅಳತೆ ತಂದುಕೊಡಿ. ಅವನು ತಂದ, ನಾನು ಒಲೆಯ ಮುಂದೆ ಇದ್ದಿಲಿನಲ್ಲಿ ಲೆಕ್ಕ ಹಾಕಿದೆ, ಅವನು ಹೋಗಿ ತನ್ನದೆಂದು ಹೇಳಿದ. ಜಗಳ ಬಗೆಹರಿಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ನೆಲದ ಮೇಲಿನ ಇದ್ದಿಲಿನ ಅಂಕಿ ನೋಡಿದ ಅತ್ತೆಗೆ ಮಾತ್ರ ವಿಷಯ ತಿಳಿಯಿತು.

"ಹೆಂಗಸು ಭೂಮಿ ಅಳೆದ್ರೆ ವಂಶ ನಿಲ್ಲಲ್ಲ" ಎಂದಳು.

ಅದು ಹಳೆಯ ಗಾದೆಯೋ ಅವಳು ಆಗಲೇ ಹುಟ್ಟಿಸಿದ್ದೋ ಗೊತ್ತಿಲ್ಲ. ಮಕ್ಕಳಾಗದೆ ಐದು ವರ್ಷ ಕಳೆದಾಗ ಮನೆಯಲ್ಲಿ, ಬಾವಿಕಟ್ಟೆಯಲ್ಲಿ, ತೋಟದಲ್ಲಿ ಎಲ್ಲ ಕಡೆ ಅದೇ ಮಾತಾಯಿತು. ನನ್ನ ಗಂಡ, ಆ ಲೆಕ್ಕಕ್ಕೆ ಬೆನ್ನು ತಟ್ಟಿಸಿಕೊಂಡವನು, ಬಾಯಿ ಬಿಡಲಿಲ್ಲ. ಆರನೇ ವರ್ಷ ಎರಡನೇ ಮದುವೆ ಮಾಡಿಕೊಂಡ. ಹೊಸ ಹೆಣ್ಣಿಗೆ ನಾನೇ ಆರತಿ ಎತ್ತಬೇಕು ಎಂದರು. ಎತ್ತಿದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ತಟ್ಟೆ ಕೆಳಗಿಟ್ಟು, ಒಳಗೆ ಹೋಗಿ ಪೆಟ್ಟಿಗೆ ತಂದು, ಕಡೂರಿಗೆ ಕಾಯಿ ಹೊರುವ ಗಾಡಿ ಹತ್ತಿ ಕೂತೆ.

"ಎಲ್ಲಿಗೇ?" ಎಂದ ಗಂಡ.

"ನಿಮ್ಗೆ ಯಾಕೆ? ವಂಶ ನಿಲ್ಲಿಸ್ಕೊಳ್ಳಿ, ಹೋಗಿ" ಎಂದೆ. ಅವನೊಡನೆ ನಾನು ಆಡಿದ ಕೊನೆಯ ಮಾತು ಅದು.

ಅಷ್ಟು ಹೊತ್ತಿಗೆ ಅಪ್ಪಯ್ಯ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಅಣ್ಣ ಮದುವೆಯಾಗಿ ತರೀಕೆರೆಯಲ್ಲಿದ್ದ. ಹೇಗೋ ಪರೀಕ್ಷೆ ಪಾಸು ಮಾಡಿ ಕೆರೆ ರಿಪೇರಿಯ ಕಚೇರಿಯಲ್ಲಿ ಸಬ್ ಓವರ್‌ಸಿಯರ್ ಆಗಿದ್ದ. ಅವನಿಗೆ ಓದು ಬರುತ್ತಿತ್ತು, ಮಾತು ಬರುತ್ತಿತ್ತು, ಮೇಲಿನವರ ಮುಂದೆ ಹೇಗೆ ನಿಲ್ಲಬೇಕೆಂಬುದು ಬರುತ್ತಿತ್ತು. ನಾನು ಬಂದದ್ದಕ್ಕೆ ಅವನು ಬೈಯಲಿಲ್ಲ. ಅತ್ತಿಗೆ ನೀರು ಕೊಟ್ಟು, ರೊಟ್ಟಿ ಹಾಕಿ, ಏನೂ ಕೇಳದೆ ಒಳಗಿನ ಕೋಣೆಯಲ್ಲಿ ಚಾಪೆ ಬಿಡಿಸಿದಳು.

ಎಂಟು ದಿನವೂ ಆಗಿರಲಿಲ್ಲ. ಅಣ್ಣ ಜಗಲಿಯಲ್ಲಿ ಹಲಗೆಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದ. ನಕ್ಷೆಯ ಬಟ್ಟೆಯ ಮೇಲೆ ಎರಡು ಕಡೆ ಮಸಿ ಮಡುಗಟ್ಟಿತ್ತು. ಮೇಣದ ಹಾಗೆ ನುಣುಪಾದ ಆ ಬಟ್ಟೆಯ ಮೇಲೆ ಬೆವರ ಹನಿ ಬಿದ್ದರೂ ಬಿಳಿ ಮಚ್ಚೆ ನಿಲ್ಲುತ್ತದೆ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಈ ಮೂಲೆ ಒಸಿ ನೋಡ್ಕೊಡೇ" ಎಂದ, ನನ್ನ ಮುಖ ನೋಡದೆ.

ಆರು ವರ್ಷದ ಮೇಲೆ ಆ ಪೆನ್ನು ಹಿಡಿದೆ. ತಿರುಪು ತಿರುಗಿಸಿ, ಅಂಚಿನ ಕಾಗದದ ಮೇಲೆ ಒಂದು ಗೆರೆ ಎಳೆದು ನೋಡಿದೆ. ಕೈ ಮರೆತಿರಲಿಲ್ಲ. ನನ್ನನ್ನು ಬಂಜೆ ಎಂದವರಿದ್ದರು, ದರಿದ್ರ ಎಂದವರಿದ್ದರು. ಆ ಹೊತ್ತಿನಲ್ಲಿ ಅವರು ಯಾರೂ ನೆನಪಾಗಲಿಲ್ಲ. ಸಂಜೆಯವರೆಗೆ ಕೂತು ಇಡೀ ಹಾಳೆ ಹೊಸದಾಗಿ ಬರೆದುಕೊಟ್ಟೆ. ಊಟ ಬೇಕೆಂದು ನೆನಪಾದದ್ದು ಎದ್ದ ಮೇಲೆ.

ಹೀಗೆ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಅಣ್ಣ ಲಕ್ಕವಳ್ಳಿಯ ಕಡೆಗೂ ಕಡೂರಿನ ಹಳ್ಳಿಗಳಿಗೂ ಕ್ಯಾಂಪು ಹೋಗುತ್ತಿದ್ದ. ಅಳತೆಯ ಪುಸ್ತಕ ತಂದು ನನ್ನ ಮುಂದಿಡುತ್ತಿದ್ದ. ನಾನು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೆ. ಯಾರಾದರೂ ಬಂದು ಕೇಳಿದರೆ ಪೂಜೆಯಲ್ಲಿದ್ದಾಳೆ ಎಂದು ಹೇಳುವುದು ಮನೆಯ ಪದ್ಧತಿಯಾಯಿತು. "ಮೂರು ಗಂಟೆ ಪೂಜೆ ಮಾಡ್ತಾಳಲ್ಲವ್ವ, ಎಂಥಾ ಭಕ್ತೆ" ಎಂದು ನೆರೆಯವರು ನನ್ನ ಹೆಸರಿನಲ್ಲಿ ಹರಕೆ ಕಟ್ಟುವಷ್ಟಕ್ಕೆ ಬಂದಿದ್ದರು. ಸರ್ಕಾರದ ನಕ್ಷೆ ಬರೆಯುವುದು ಕಳ್ಳತನ, ಪೂಜೆಯ ಸುಳ್ಳು ಹೇಳುವುದು ಮರ್ಯಾದೆ! ಆಗ ನಾನೂ ನಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಬರಿಯ ಅಂಕಿಗಳಿಂದ ಕಾಣದ ಕೆರೆಯೊಂದು ಕಣ್ಣ ಮುಂದೆ ಏಳುವುದಿದೆಯಲ್ಲ, ಆ ಸುಖವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇಲ್ಲಿ ಮಣ್ಣಿನ ಏರಿ ಬಾಗುತ್ತದೆ, ಇಲ್ಲಿ ಗದ್ದೆಗೆ ನೀರು ಬಿಡುವ ತೂಬು, ಇಲ್ಲಿಂದ ಹೆಚ್ಚಿನ ನೀರು ಹೊರಬೀಳುವ ಕೋಡಿ. ಬೆರಳಿನಲ್ಲಿ ಒಂದೊಂದು ಕೆರೆಯ ಸುತ್ತ ನಡೆದು ಬರುತ್ತಿದ್ದೆ. ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಪ್ರತಿ ಹಾಳೆಯ ಮೂಲೆಯಲ್ಲಿ "ಬರೆದವರು" ಎಂದು ನಾನೇ ಚಂದವಾಗಿ ಬರೆದು, ಮುಂದೆ ಜಾಗ ಬಿಡುತ್ತಿದ್ದೆ. ಅಣ್ಣ ಬಂದು ಅಲ್ಲಿ ರುಜು ಹಾಕುತ್ತಿದ್ದ. ಆ ರುಜು ಕೂಡ ಸೊಟ್ಟ.

ಅವನಿಗೆ ಕಡೂರಿಗೆ ವರ್ಗವಾಯಿತು. ಪಂಚನಹಳ್ಳಿಯ ಕಡೆಯ ಒಂದು ಕೆರೆಯಲ್ಲಿ ಹೆಚ್ಚು ನೀರು ನಿಲ್ಲಲೆಂದು ಕೋಡಿಯನ್ನು ಎತ್ತರಿಸುವ ಕೆಲಸ ಬಂತು. ನಕ್ಷೆ ನಾನು ಬರೆದೆ, ಮೇಲಿನವರು ಒಪ್ಪಿದರು, ಕಲ್ಲು ಬಂದು ಬಿತ್ತು. ಒಂದು ದಿನ ನಾನು ಅಣ್ಣನಿಗೆ, "ಒಂದು ಕೆರೆನಾದ್ರೂ ತೋರ್ಸೋ" ಎಂದೆ. ಆ ಊರಿನ ಗುರುಗಳ ಗದ್ದುಗೆಗೆ ಕಾಯಿ ಒಡೆಸುವ ನೆಪದಲ್ಲಿ ಅತ್ತಿಗೆಯನ್ನೂ ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ.

ಏರಿಯ ಮೇಲೆ ನಿಂತೆ. ಗೊತ್ತಿರುವ ಮನೆಯೊಳಗೆ ಬಂದ ಹಾಗಿತ್ತು. ತೂಬು ನಾನು ಬರೆದಲ್ಲೇ ಇತ್ತು, ಬಾಗು ನಾನು ಬರೆದಷ್ಟೇ ಇತ್ತು. ಆಮೇಲೆ ತೆಂಕಣ ತುದಿಯ ಕಡೆ ಕಣ್ಣು ಹೋಯಿತು. ಎಮ್ಮೆಗಳು ಏರಿಯ ಮೇಲೆ ಸಾಲಾಗಿ ಹೋಗುತ್ತಿದ್ದವು. ಆ ತುದಿಯಲ್ಲಿ ಒಂದೊಂದೂ ಮೊಳಕಾಲುದ್ದ ಕೆಳಗಿಳಿದು ಮತ್ತೆ ಮೇಲೆ ಬರುತ್ತಿತ್ತು. ನನ್ನ ನಕ್ಷೆಯಲ್ಲಿ ಅಲ್ಲಿ ತಗ್ಗಿರಲಿಲ್ಲ. ದಿಬ್ಬವಿತ್ತು.

ಮನೆಗೆ ಬಂದವಳೇ ಅಣ್ಣನ ಪೆಟ್ಟಿಗೆಯಿಂದ ಅವನು ಕೆರೆಯಲ್ಲೇ ಬರೆದ ಮೂಲ ಪುಸ್ತಕ ತೆಗೆದೆ. ನನಗೆ ಅವನು ಕೊಟ್ಟಿದ್ದದ್ದು ಕೂಡಿ ಕಳೆದು ಇಳಿಸಿದ ಪ್ರತಿ. ಮೂಲದಲ್ಲಿ ಅಂಕಿ ಸರಿಯಿತ್ತು. ನೆಲ ಇಳಿದಲ್ಲಿ ಕಳೆಯಬೇಕಾದ್ದನ್ನು ಅವನು ಕೂಡಿದ್ದ. ಒಂದಡಿ ತಗ್ಗು ಒಂದಡಿ ದಿಬ್ಬವಾಗಿತ್ತು. ಕೋಡಿಯನ್ನು ಆ ಲೆಕ್ಕಕ್ಕೆ ಎತ್ತರಿಸಿದರೆ ಕೆರೆ ತುಂಬಿದಾಗ ನೀರು ಕೋಡಿಗೆ ಹೋಗುವ ಮೊದಲೇ ಏರಿಯ ತಗ್ಗಿನ ಮೇಲೆ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಏರಿ ಉಳಿಯುವುದಿಲ್ಲ. ಏರಿಯ ಕೆಳಗೆ ಊರಿತ್ತು.

ಅಣ್ಣನಿಗೆ ತೋರಿಸಿದೆ. ಅವನು ಪುಸ್ತಕ ಮುಚ್ಚಿದ.

"ಸುಮ್ನಿರು. ಮಂಜೂರಾಗಿ ಬಂದೈತೆ. ಈಗ ತಪ್ಪು ಅಂದ್ರೆ ನನ್ನ ಕೆಲ್ಸ ಹೋಯ್ತದೆ."

"ಏರಿ ಒಡೆದ್ರೆ ಊರೇ ಹೋಯ್ತದಲ್ಲೋ!"

"ಒಡೆಯಲ್ಲ ಬಿಡು. ಅಷ್ಟು ಮಳೆ ಎಲ್ಲಿ ಬತ್ತೈತೆ ಇಲ್ಲಿ?"

"ಅಂಕಿ ನೋಡೋ, ಮಳೆ ಕೇಳ್ಬೇಡ" ಎಂದೆ.

"ನೀನ್ಯಾರೇ ನಂಗೆ ಹೇಳೋಕೆ?" ಎಂದು ಕೂಗಿದ. "ಗೆರೆ ಎಳಿ ಅಂದ್ರೆ ಗೆರೆ ಎಳಿ. ಎಂಜಿನಿಯರ್ರಾ ನೀನು?"

ಮೂರು ದಿನ ಕಾದೆ. ನಾಲ್ಕನೇ ದಿನ ಕೋಡಿಗೆ ಸುಣ್ಣದ ಗಾರೆ ಕಲಸುತ್ತಿದ್ದಾರೆಂದು ತಿಳಿಯಿತು. ಕೂತು ಎಂಜಿನಿಯರ್ ಸಾಹೇಬರಿಗೆ ಕಾಗದ ಬರೆದೆ. ಮೂಲ ಪುಸ್ತಕದ ಅಂಕಿ ಎತ್ತಿ ಬರೆದು, ಎಲ್ಲಿ ಕೂಡಿದ್ದಾರೆ, ಎಲ್ಲಿ ಕಳೆಯಬೇಕು ಎಂದು ತೋರಿಸಿ, ತಗ್ಗಿನ ಸಣ್ಣ ನಕ್ಷೆ ಹಾಕಿದೆ. ಕೆಳಗೆ "ಈ ನಕ್ಷೆಗಳನ್ನೆಲ್ಲ ಬರೆದವಳು" ಎಂದು ಬರೆದು ಹೆಸರು ಹಾಕಿದೆ. ಅಂಚೆಗೆ ನಾನೇ ಹೋಗಿ ಹಾಕಿ ಬಂದೆ.

ಕಾಗದ ಹಾಕಿದ ಐದನೇ ದಿನ ಬೆಳಿಗ್ಗೆ ಎಂಜಿನಿಯರ್ ಸಾಹೇಬರೇ ಮನೆಗೆ ಬಂದರು. ಜರಿ ಪೇಟ, ಕೊರಳವರೆಗೆ ಗುಂಡಿ ಹಾಕಿದ ಕೋಟು, ವಯಸ್ಸಾದವರು. ನಾನು ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದೆ.

"ಈ ಕಾಗದ ಬರೆದವರು ಯಾರು?"

"ನನ್ನ ತಂಗಿ, ಸ್ವಾಮಿ" ಎಂದ ಅಣ್ಣ. "ಗಂಡ ಬಿಟ್ಟೋಳು. ಅವಾಗಿಂದ ತಲೆ ಒಸಿ ಹಂಗೇ ಆಗೈತೆ. ಏನೇನೋ ಬರೀತಾಳೆ."

"ಲೆಕ್ಕ ಸರಿ ಇದೆಯಲ್ಲ?"

"ಅದು ನಾನೇ ಕಂಡುಹಿಡಿದಿದ್ದು ಸ್ವಾಮಿ. ಮನೇಲಿ ಮಾತಾಡ್ತಿದ್ದೆ, ಕೇಳಿಸ್ಕೊಂಡು ಬರೆದಾಳೆ. ಇವತ್ತು ನಾನೇ ಬಂದು ತಮಗೆ ಅರಿಕೆ ಮಾಡೋನಿದ್ದೆ."

ನನ್ನನ್ನು ಗಂಡ ಬಿಟ್ಟಿರಲಿಲ್ಲ, ನಾನು ಬಿಟ್ಟು ಬಂದಿದ್ದೆ. ನನಗೆ ಮೊದಲು ಉರಿದದ್ದು ಆ ಮಾತಿಗೆ. ಆಮೇಲೆ ತಲೆಯ ಮಾತಿಗೆ. ಆಮೇಲೆ ಉಳಿದದ್ದಕ್ಕೆ. ಹೊರಗೆ ಬಂದು "ಸುಳ್ಳು" ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಾಗಿಲಿಗೂ ಜಗಲಿಗೂ ಹತ್ತು ಹೆಜ್ಜೆ. ಗಂಡನ ಮನೆಯನ್ನು ಹಾಡಹಗಲು ಬಿಟ್ಟು ಬಂದವಳಿಗೆ ಅಣ್ಣನ ಜಗಲಿಗೆ ಬರಲು ಆಗಲಿಲ್ಲ. ಅಣ್ಣನ ಮೇಲಿನ ಸಿಟ್ಟು ಒಂದು ತೂಕವಾದರೆ ಆ ಹತ್ತು ಹೆಜ್ಜೆಗೆ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೊಂದು ತೂಕ.

"ಹೆಂಗಸರು ಕಚೇರಿಗೆ ಕಾಗದ ಬರೆಯೋದು ಸರಿಯಲ್ಲ. ತಿಳಿಸಿ ಹೇಳಿ" ಎಂದು ಸಾಹೇಬರು ಎದ್ದು ಹೋದರು.

ಕೋಡಿಯ ಕೆಲಸ ನಿಂತಿತು. ತಗ್ಗಿಗೆ ಮಣ್ಣು ಹೊಡೆಸಿ, ಲೆಕ್ಕ ಸರಿ ಮಾಡಿ ಆಮೇಲೆ ಕೋಡಿ ಕಟ್ಟಿದರು. ಊರು ಉಳಿಯಿತು, ಅದೊಂದು ನೆಮ್ಮದಿ. ತನ್ನ ತಪ್ಪನ್ನು ತಾನೇ ಹಿಡಿದ ಪ್ರಾಮಾಣಿಕ ಎಂದು ಅಣ್ಣನಿಗೆ ಓವರ್‌ಸಿಯರ್ ಹುದ್ದೆ ಕೊಟ್ಟರು. ಕಚೇರಿಯವರಿಗೆಲ್ಲ ನಮ್ಮ ಮನೆಯಲ್ಲಿ ಊಟ. ಹೋಳಿಗೆಗೆ ಹೂರಣ ರುಬ್ಬಿದವಳು ನಾನು. ಬಡಿಸುವಾಗ ಒಬ್ಬ ಗುಮಾಸ್ತ, "ನಿಮ್ಮಣ್ಣನ ಕೈ ಚಿನ್ನ ಕಣ್ರವ್ವ" ಎಂದ.

ಮರುದಿನ ಅಣ್ಣ ಹೊಸ ಪುಸ್ತಕ ತಂದು ಮುಂದಿಟ್ಟ. ನಾನು ಅದನ್ನು ಮುಟ್ಟಲಿಲ್ಲ.

"ಮೂಲೇಲಿ ನನ್ನ ಹೆಸ್ರು ಬರೀತೀನಿ. ಒಪ್ಪಿದ್ರೆ ಕೊಡು."

"ಹುಚ್ಚಾ ನಿಂಗೆ?"

"ಹೌದಲ್ಲ, ನೀನೇ ಹೇಳಿದ್ಯಲ್ಲ. ಹುಚ್ಚಿ ಕೈಲಿ ಸರ್ಕಾರದ ನಕ್ಷೆ ಬರೆಸ್ಬೇಡ" ಎಂದೆ.

ನಾಲ್ಕು ತಿಂಗಳು ಪೆನ್ನು ಹಿಡಿಯಲಿಲ್ಲ. ಅಣ್ಣನ ಹಾಳೆಗಳು ಒಂದೊಂದೇ ವಾಪಸು ಬರತೊಡಗಿದವು. ಮೊದಲು ಕೂಗಾಡಿದ. ಆಮೇಲೆ ಅಪ್ಪಯ್ಯನ ಹೆಸರು ಹೇಳಿ ಅತ್ತ. ಕೊನೆಗೆ ಅತ್ತಿಗೆ ಬಂದು ನನ್ನ ಮುಂದೆ ಕೂತಳು. "ನಿಮ್ಮಿಬ್ರ ಹಟಕ್ಕೆ ನನ್ನ ಮಕ್ಕಳು ಬೀದಿಗೆ ಬೀಳ್ಬೇಕೇನೇ?" ಎಂದಳು. ಆ ಮಾತು ನನಗೆ ತಾಗಿತು. ಆದರೂ ಅವಳ ಗಂಡನಿಗೆ ನಕ್ಷೆ ಬರೆದುಕೊಡಲು ಮನಸ್ಸು ಒಪ್ಪಲಿಲ್ಲ.

ಎಂಜಿನಿಯರ್ ಸಾಹೇಬರು ಕಡೂರಿನ ಮುಸಾಫಿರ್ ಬಂಗಲೆಗೆ ಬಂದು ಇಳಿದಿದ್ದಾರೆಂದು ಕೇಳಿ, ಒಂದು ಬೆಳಿಗ್ಗೆ ಹಲಗೆಯನ್ನೂ ನಕ್ಷೆಯ ಬಟ್ಟೆಯನ್ನೂ ಕಂಕುಳಲ್ಲಿಟ್ಟುಕೊಂಡು, ಪೆನ್ನಿನ ಪೆಟ್ಟಿಗೆ ಹಿಡಿದು, ಪೇಟೆಯ ನಡುವೆ ನಡೆದುಕೊಂಡು ಹೋದೆ. ಜಗಲಿಯಲ್ಲಿ ನಾಲ್ಕೈದು ಜನ ಅರ್ಜಿ ಹಿಡಿದು ಕಾಯುತ್ತಿದ್ದರು. ಎಲ್ಲರೂ ಎದ್ದು ನೋಡಿದರು.

"ಕಾಗದ ಬರೆದೋಳು ನಾನು" ಎಂದೆ. "ಯಾವುದಾದ್ರೂ ಅಳತೆ ಪುಸ್ತಕ ಕೊಡಿ ಸ್ವಾಮಿ. ಇಲ್ಲೇ ಕೂತು, ಎಲ್ರ ಮುಂದೆ ಬರೀತೀನಿ. ತಪ್ಪಾದ್ರೆ ಹೊರಟುಹೋಗ್ತೀನಿ."

ಅವರು ಗುಮಾಸ್ತನನ್ನು ಕರೆದು ಪುಸ್ತಕ ಕೊಡಿಸಿದರು. ನಾನು ಜಗಲಿಯ ಬೆಳಕಿಗೆ ಹಲಗೆ ಇಟ್ಟುಕೊಂಡು ಕೂತೆ. ಗುಮಾಸ್ತರು ಬಂದು ಬಂದು ಇಣುಕಿ ಹೋದರು. ಒಬ್ಬ ಬೇಕೆಂದೇ ಕೆಮ್ಮುತ್ತಿದ್ದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಗಿಸಿ ಮುಂದಿಟ್ಟೆ. ಸಾಹೇಬರು ಕನ್ನಡಕ ಹಾಕಿಕೊಂಡು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿದರು.

"ಒಂದೂ ತಪ್ಪಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಅವತ್ತು ಕಾಗದ ಓದಿದಾಗಲೇ ನನಗೆ ಗೊತ್ತಾಯಿತಮ್ಮ" ಎಂದರು.

"ಗೊತ್ತಿದ್ದೂ ನಮ್ಮಣ್ಣನಿಗೆ ಹುದ್ದೆ ಕೊಟ್ರಾ?"

"ಕಚೇರಿ ನಡೀಬೇಕಲ್ಲ. ಹೆಂಗಸನ್ನ ಈ ಕೆಲಸಕ್ಕೆ ತಗೊಳ್ಳೋದಕ್ಕೆ ರೂಲ್ಸಿನಲ್ಲಿ ಇಲ್ಲ. ನೀವು ಮನೇಲಿ ಬರೆದುಕೊಡಿ, ನಿಮ್ಮ ಅಣ್ಣನ ಮೂಲಕ ಬರಲಿ. ನಾನು ನೋಡಿಕೊಳ್ತೇನೆ."

ಅಣ್ಣ ಹೆದರಿ ಸುಳ್ಳು ಹೇಳಿದ್ದ. ಈ ಮನುಷ್ಯನಿಗೆ ಹೆದರಿಕೆಯೂ ಇರಲಿಲ್ಲ. ಗೊತ್ತಿದ್ದು, ಸಮಾಧಾನವಾಗಿ, ಪೇಟ ಸರಿಮಾಡಿಕೊಂಡು, ನನ್ನನ್ನು ಅಳಿಸಿ ಹಾಕಿದ್ದ. ನಾನು ಮುಂದಿಟ್ಟ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಹರಿದೆ. ಆ ಬಟ್ಟೆ ಸುಲಭಕ್ಕೆ ಹರಿಯುವುದಿಲ್ಲ. ಹಲ್ಲು ಕಚ್ಚಿ ಹರಿದೆ. "ರೂಲ್ಸಿನಲ್ಲಿ ಇಲ್ಲದ ನಕ್ಷೆ ನಿಮ್ಮ ಹತ್ರ ಯಾಕೆ ಸ್ವಾಮಿ" ಎಂದು ಎದ್ದು ಬಂದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. "ನನ್ನ ಮರ್ಯಾದೆ ಪೇಟೇಲಿ ಹರಾಜು ಹಾಕ್ದೆಯಲ್ಲೇ. ಇನ್ನು ನಿಂಗೆ ಈ ಮನೇಲಿ ಜಾಗ ಇಲ್ಲ" ಎಂದ ಅಣ್ಣ. ಸ್ಟೇಷನ್ನಿನ ಹತ್ತಿರ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಅಪ್ಪಯ್ಯನ ಪೆನ್ನುಗಳನ್ನು ಕೇಳದೆ ಎತ್ತಿಕೊಂಡು ಬಂದೆ.

ಹತ್ತು ಹದಿನೈದು ದಿನದ ಮೇಲೆ ಆ ಕೋಣೆಯ ಬಾಗಿಲಿಗೆ ಒಬ್ಬರು ಹಿರಿಯರು ಬಂದು ನಿಂತರು. ಸೀಮೆಯ ಒಂದು ಮಠದ ಆಸ್ತಿ ನೋಡಿಕೊಳ್ಳುವವರು. ಅಂದು ಬಂಗಲೆಯ ಜಗಲಿಯಲ್ಲಿ ಅರ್ಜಿ ಹಿಡಿದು ಕಾಯುತ್ತಿದ್ದವರಲ್ಲಿ ಅವರೂ ಇದ್ದರಂತೆ.

"ಅವ್ವಾ, ಮಠದ ಹೊಲಗಳ ಎಲ್ಲೆ ಎಲ್ಲ ಕಲಸಿ ಹೋಗೈತೆ. ಅಳೆದು ನಕ್ಷೆ ಬರ್ಕೊಡ್ತೀರಾ? ನಮ್ಮ ಮಠದಾಗೆ ಹೆಂಗಸು ಬ್ಯಾಡ ಅನ್ನೋ ರೂಲ್ಸು ಯಾರೂ ಬರೆದಿಲ್ಲ."

ನನಗೆ ನಕ್ಷೆ ಬರೆಯುವುದು ಗೊತ್ತು, ನೆಲದ ಮೇಲೆ ಸರಪಳಿ ಎಳೆದು ಗೊತ್ತಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಹುಲ್ಲು ಕೊಯ್ಯುವ ಇಬ್ಬರು ಹೆಂಗಸರನ್ನು ಸರಪಳಿ ಹಿಡಿಯಲು ಕರೆದುಕೊಂಡೆ. ಮೊದಲ ದಿನ ಇಡೀ ಕೆಲಸ ಕೆಟ್ಟಿತು. ಒಂದೊಂದು ಸರಪಳಿಗೆ ಒಂದೊಂದು ಕಬ್ಬಿಣದ ಕಡ್ಡಿ ನೆಡುತ್ತ ಹೋಗಬೇಕು. ಕಡ್ಡಿ ಎಣಿಸುವುದು ತಪ್ಪಿ ಒಂದು ಹೊಲ ಒಂದೂವರೆ ಹೊಲವಾಯಿತು. ಬದುವಿನ ಮೇಲೆ ಕೂತ ಗಂಡಸರು, "ಸೀರೆ ನೆರಿಗೆ ಎಣಿಸ್ದಂಗಲ್ಲ ಕಣವ್ವ" ಎಂದು ನಕ್ಕರು. ಜಾಲಿಮುಳ್ಳು ಚಪ್ಪಲಿ ದಾಟಿ ಹೊಕ್ಕಿತ್ತು. ಸರಪಳಿ ಹಿಡಿದವರಲ್ಲಿ ಒಬ್ಬಳು ಅವರ ಕಡೆ ತಿರುಗಿ, "ನೀವು ಬಂದು ಎಣಿಸ್ರಲಾ, ಕೂತ್ಕೊಂಡು ಬಾಯಿ ಬಿಡ್ತೀರಾ" ಎಂದಳು. ಮರುದಿನ ಮೊದಲಿನಿಂದ ಅಳೆದೆವು. ಎರಡು ತಿಂಗಳು ಹಿಡಿಯಿತು.

ಕೊನೆಯ ಹಾಳೆಯಲ್ಲಿ "ಬರೆದವರು" ಎಂದು ಬರೆದು, ಮುಂದೆ ಅಭ್ಯಾಸಬಲದಿಂದ ಜಾಗ ಬಿಟ್ಟೆ. ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿದೆ. ಆಮೇಲೆ ನನ್ನ ಹೆಸರು ಬರೆದೆ. ಕೈ ಒತ್ತಿ ಮಸಿ ಸ್ವಲ್ಪ ಹರಡಿತು. ಮಠದ ಸ್ವಾಮಿಗಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, "ಈ ಮೂಲೆಲಿ ಏನವ್ವ ಬರ್ದಿದ್ದೀಯ?" ಎಂದರು.

"ನನ್ನ ಹೆಸರು, ಬುದ್ಧಿ."

"ಇಷ್ಟು ಚಿಕ್ಕದಾಗಿ ಬರೆದ್ರೆ ಯಾರಿಗೆ ಕಾಣ್ತದೆ?"

ಆ ಮಠದಿಂದ ಇನ್ನೊಂದು ಮಠಕ್ಕೆ, ಅಲ್ಲಿಂದ ಭಾಗವಾಗುವ ಮನೆಗಳಿಗೆ, ತೋಟಗಳಿಗೆ ಕೆಲಸ ಹಬ್ಬಿತು. ಕಚೇರಿಯಲ್ಲಿ ನನ್ನ ನಕ್ಷೆ ನಡೆಯುವುದಿಲ್ಲ ಎಂದು ಶಾನುಭೋಗರು ಹೇಳುತ್ತಿದ್ದರು. ಹೇಳಿದವರೇ ತಮ್ಮ ಮನೆಯ ಪಾಲಿಗೆ ನನ್ನನ್ನು ಕರೆಸಿದರು. ಜನ ನನಗೆ ಸರಪಳಿಯವ್ವ ಎಂದು ಹೆಸರಿಟ್ಟರು. ಅಣ್ಣ ಯಾರೋ ಗುಮಾಸ್ತನಿಂದ ಒಳಗೊಳಗೇ ಬರೆಸಿಕೊಂಡು ನೌಕರಿ ಉಳಿಸಿಕೊಂಡ. ಆ ಗುಮಾಸ್ತನ ಹೆಸರೂ ಯಾವ ಹಾಳೆಯಲ್ಲೂ ಇಲ್ಲ.

ಹೋದ ವರ್ಷ ಕಡೂರಿನ ಹೆಂಗಸರ ಸಮಾಜದವರು ನನ್ನನ್ನು ಮಾತಾಡಲು ಕರೆದರು. ತಾಲ್ಲೂಕಿನ ಅಮಲ್ದಾರರ ಹೆಂಡತಿ ಅಧ್ಯಕ್ಷಿಣಿ. "ನಮ್ಮ ಹೆಣ್ಣುಮಕ್ಕಳಿಗೆ ಉತ್ಸಾಹ ಬರೋ ಹಾಗೆ ನಿಮ್ಮ ಕಥೆ ಹೇಳಿ. ನಿಮ್ಮ ಅಣ್ಣನವರು ಮನೆಯಲ್ಲಿಟ್ಟುಕೊಂಡು ವಿದ್ಯೆ ಕಲಿಸಿದ್ದನ್ನೂ ಹೇಳಿ" ಎಂದರು. ಹೇಳಿದೆ. ಅಜ್ಜಂಪುರದ ಕೆನ್ನೆಯೇಟಿನಿಂದ ಮುಸಾಫಿರ್ ಬಂಗಲೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಬರಬರುತ್ತ ದನಿ ನನಗೇ ಆಶ್ಚರ್ಯವಾಗುವ ಹಾಗೆ ಗಟ್ಟಿಯಾಯಿತು. ನನ್ನ ಬದುಕು ನನ್ನದೇ ಬಾಯಿಂದ ಒಂದು ಸಾಲಾಗಿ ಬಂದದ್ದು ಅದೇ ಮೊದಲು. ಎಲ್ಲರ ದಯೆಯಿಂದ ಬದುಕಿದವಳು ಎಂದುಕೊಂಡಿದ್ದೆ. ಹೇಳುತ್ತ ಹೋದ ಹಾಗೆ, ಯಾರ್ಯಾರು ನನ್ನಿಂದ ಬದುಕಿದರು ಎಂಬುದು ಕಂಡಿತು.

ಕೈತಟ್ಟುವ ಕಡೆ ಯಾರೂ ತಟ್ಟಲಿಲ್ಲ. ಇಬ್ಬರು ನಡುವೆಯೇ ಎದ್ದು ಹೋದರು. "ಮನೆ ಮಾತು ಬೀದಿಗೆ ತರಬಾರದಿತ್ತು" ಎಂದರು ಅಧ್ಯಕ್ಷಿಣಿ. "ನಾನು ಮಾಡಿದ ಕೆಲಸ ಮನೆ ಮಾತಲ್ಲಮ್ಮ" ಎಂದು ನಮಸ್ಕಾರ ಮಾಡಿ ಹೊರಗೆ ಬಂದೆ.

ಹಿಂದಿನ ಸಾಲಿನಲ್ಲಿ ಅತ್ತಿಗೆ ಕೂತಿದ್ದದ್ದು ನನಗೆ ಕಂಡಿರಲಿಲ್ಲ. ಗಲ್ಲಿಯ ತಿರುವಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಅಣ್ಣನ ಪರ ಬೈಯುತ್ತಾಳೆಂದು ನಾನು ಉತ್ತರ ಸಿದ್ಧ ಮಾಡಿಕೊಂಡೆ.

"ಎಲ್ಲಾ ಹೇಳ್ದೆ. ಚೆಂದಾಗಿ ಹೇಳ್ದೆ" ಎಂದಳು. "ಒಂಬತ್ತು ವರ್ಷ ಬಾಗ್ಲು ಹಾಕ್ಕೊಂಡು ಗೆರೆ ಎಳೆದ್ಯಲ್ಲ, ಆವಾಗ ನಿಂಗೆ ರೊಟ್ಟಿ ತಟ್ಟಿದ್ಯಾರೇ? ನಿನ್ನ ಸೀರೆ ಒಗೆದಿದ್ಯಾರು? ಬಂದೋರಿಗೆಲ್ಲ ಪೂಜೇಲವ್ಳೆ ಅಂತ ಸುಳ್ಳು ಹೇಳಿದ್ಯಾರು? ಬಸುರಿ ಹೊಟ್ಟೆ ಹೊತ್ಕೊಂಡು ನಿನ್ನ ಕೋಣೆಗೆ ಊಟ ತಂದಿಟ್ಟೋಳು ಯಾರು? ನಿನ್ನ ಕಥೇಲಿ ನಾನು ಎಲ್ಲೂ ಇಲ್ವಲ್ಲೇ."

ನನಗೆ ಸಿಟ್ಟು ಬಂತು. ಅವಳ ಮಾತು ಸುಳ್ಳಾಗಿದ್ದರೆ ಬಿಡಬಹುದಿತ್ತು, ನಿಜವಾದ್ದರಿಂದ ಸಿಟ್ಟು ಇನ್ನೂ ಬಂತು. "ನಿನ್ನನ್ನ ಯಾರು ಬೇಡ ಅಂದ್ರು? ನೀನೂ ಹೋಗಿ ಹೇಳು" ಎಂದೆ.

"ನಂಗೆ ಓದು ಬರಹ ಬರಲ್ಲ" ಎಂದು ಸೆರಗು ಎಳೆದುಕೊಂಡು ಹೊರಟುಹೋದಳು.

ಮೂರು ದಿನ ಅವಳನ್ನು ಮನಸ್ಸಿನಲ್ಲೇ ಬೈದೆ. ನಾಲ್ಕನೇ ದಿನ, ಅಣ್ಣ ಕ್ಯಾಂಪು ಹೋದದ್ದು ತಿಳಿದುಕೊಂಡು, ಕಾಗದ ಹಿಡಿದು ಆ ಮನೆಯ ಮೆಟ್ಟಿಲು ಹತ್ತಿದೆ. ಅತ್ತಿಗೆ ಹೊರಗಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕೂರು ಎನ್ನಲಿಲ್ಲ, ನಾನೇ ಕೂತೆ.

"ಹೇಳು ಅತ್ತಿಗೆ. ಬರ್ಕೋತೀನಿ."

ಅವಳು ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು.

"ಹಂಗಾದ್ರೆ ಮೊದ್ಲು ಇದನ್ನ ಬರ್ಕೋ" ಎಂದಳು, ತಲೆ ಎತ್ತದೆ. "ತರೀಕೆರೇಲಿ ಒಂದಿನ ನಂಗೂ ಒಂದು ಗೆರೆ ಎಳೀಬೇಕು ಅನ್ನಿಸ್ತು. ಕೈ ಚಾಚಿದೆ. ಮುಟ್ಬೇಡ, ಕೆಟ್ಟೋಯ್ತದೆ ಅಂದೆ ನೀನು."

ಹಾಗೆ ಅಂದ ನೆನಪು ನನಗಿಲ್ಲ. ಅವಳು ಹೇಳಿದ ಹಾಗೆಯೇ ಬರೆದುಕೊಂಡೆ.